ವೇಷದ ಹಿಂದ ಇರಾಂವ ಯಾರು?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ನಾನು ಫಿಸಿಕ್ಸ್ ಓದಿದವನಲ್ಲ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಹೊಟ್ಟೆ ಹೊರೆಯೋದು ಗಚ್ಚಿಬೌಲಿಯಲ್ಲಿ ಕೋಡ್ ಬರೆದು. ಆದರೂ ಇವತ್ತು ಮಾತಾಡೋದು ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡೋ ಹುಡುಗರು ತಮ್ಮ ಕೆಲಸವನ್ನ ನಮ್ಮಂಥ ಜನರ ಮುಂದೆ ಹೇಗೆ ಹೇಳ್ತಾರೆ ಅನ್ನೋದರ ಬಗ್ಗೆ. ಯಾಕಂದ್ರೆ ಈ ವರ್ಷ ಅಂಥ ಒಂದು ಹತ್ತು ನಿಮಿಷದ ಭಾಷಣ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲೇ ತಯಾರಾಯ್ತು. ನಾನು ಪೂರ್ತಿ ನೋಡಿದೆ. ಅದನ್ನ ಕೆಡಿಸಿದ್ದೂ ಸರಿಮಾಡಿದ್ದೂ ನಮ್ಮ ಅವ್ವ.

ಕಥೆ ಶುರುವಾಗೋದು ಒಂದು ಬಲೂನಿನಿಂದ.

2025ರ ಜನವರಿ 18, ಶನಿವಾರ. ಬೀದರ್ ಜಿಲ್ಲೆ ಹುಮ್ನಾಬಾದ್ ತಾಲೂಕಿನ ಜಲಸಂಗಿ ಅನ್ನೋ ಊರಿನ ಜನ ಬೆಳಗ್ಗೆ ಎದ್ದು ನೋಡಿದ್ರೆ ಒಂದು ಮನೆಯ ಮೇಲೆ ದೊಡ್ಡ ಪ್ಲಾಸ್ಟಿಕ್ ಬಲೂನು, ಅದರ ಜೊತೆಗೆ ಏನೋ ಯಂತ್ರ. ಊರಿಗೆ ಊರೇ ಹೊರಗೆ ಬಂತು, ಪೊಲೀಸರು ಬಂದ್ರು, ಟಿವಿಯವರೂ ಬಂದ್ರು. ನೀವು ಆ ಕಡೆಯವರಾದ್ರೆ ಜಲಸಂಗಿ ಗೊತ್ತಿರುತ್ತೆ. ಅಲ್ಲಿ ಚಾಲುಕ್ಯರ ಕಾಲದ ಕಲ್ಮೇಶ್ವರ ಗುಡಿ ಇದೆ, ಗೋಡೆಯ ಮೇಲೆ ಶಾಸನ ಬರೆಯುತ್ತಾ ನಿಂತ ಒಬ್ಬ ಹೆಣ್ಣುಮಗಳ ಶಿಲ್ಪ ಇದೆ. ಒಂಬೈನೂರು ವರ್ಷದಿಂದ ಆಕೆ ಬರೀತಾನೇ ಇದ್ದಾಳೆ. ಅಂಥ ಊರಿಗೆ ಆಕಾಶದಿಂದ ಒಂದು ವಸ್ತು ಬಿತ್ತು. ಅದರ ಮೇಲಿದ್ದ ವಿಳಾಸ ಹೈದರಾಬಾದಿನ ಟಿಐಎಫ್‌ಆರ್ ಬಲೂನು ಕೇಂದ್ರದ್ದು.

ನಮ್ಮ ಅವ್ವ ಇರೋದು ಅದೇ ತಾಲೂಕಿನಲ್ಲಿ. ವಾಟ್ಸಾಪಿನಲ್ಲಿ ವಿಡಿಯೋ ಬಂದ ಕೂಡಲೇ ನನಗೆ ಫೋನ್. "ನಿನ್ನ ಸಂಗಾಟ ಇರೋ ಆ ಫಿಜಿಕ್ಸ್ ಹುಡುಗನೇ ಬಿಟ್ಟಾನೇನು ಅದನ್ನ?"

ನಗು ಬಂತು. ನನ್ನ ಫ್ಲ್ಯಾಟ್‌ಮೇಟ್ ದಾವಣಗೆರೆ ಕಡೆಯವನು, ಇಲ್ಲಿನ ಒಂದು ಸಂಸ್ಥೆಯಲ್ಲಿ ಫಿಸಿಕ್ಸ್ ಪಿಎಚ್‌ಡಿ, ಐದನೇ ವರ್ಷ. ಹೆಸರು ಬೇಡ, ಥೀಸಿಸ್ ಇನ್ನೂ ಕೊಟ್ಟಿಲ್ಲ ಪಾಪ. ಅವನದು ನ್ಯೂಟ್ರಿನೋ. ಬಲೂನಿಗೂ ಅವನಿಗೂ ಸಂಬಂಧ ಇಲ್ಲ. ಆದ್ರೆ ಅವ್ವನ ಮುಂದಿನ ಪ್ರಶ್ನೆಗೆ ನಾನು ನಗಲಿಲ್ಲ. "ಅದರಾಗ ಕ್ಯಾಮೆರಾ ಇರ್ತದೇನು? ಬೆಳಿಗೆ ಏನರೆ ಆಗ್ತದೇನು?"

ಈ ಬಲೂನುಗಳ ವಿಷಯ ಸ್ವಲ್ಪ ಹೇಳ್ತೀನಿ, ಹೈದರಾಬಾದಿನಲ್ಲೇ ಇದ್ದೂ ನಮಗೆ ಯಾರಿಗೂ ಗೊತ್ತಿರಲ್ಲ. ಇಸಿಐಎಲ್ ಹತ್ತಿರ ಟಿಐಎಫ್‌ಆರ್‌ನವರ ಬಲೂನು ಕೇಂದ್ರ ಇದೆ. ಹೋಮಿ ಭಾಭಾ ಕಾಲದ ಕೆಲಸ. ಬಾಹ್ಯಾಕಾಶದಿಂದ ಭೂಮಿಗೆ ಸದಾ ಕಣಗಳ ಮಳೆ ಬೀಳ್ತಿರುತ್ತೆ, ಕಾಸ್ಮಿಕ್ ಕಿರಣ ಅಂತಾರೆ. ಅವು ನಮ್ಮ ಗಾಳಿಗೆ ಡಿಕ್ಕಿ ಹೊಡೆದು ಚೂರಾಗೋ ಮುಂಚೆ ಹಿಡೀಬೇಕು ಅಂದ್ರೆ ಉಪಕರಣವನ್ನ ಗಾಳಿಯ ಬಹುಪಾಲು ದಾಟಿಸಿ ಮೇಲೆ ಒಯ್ಯಬೇಕು. ಬಲೂನು ಮೂವತ್ತರಿಂದ ನಲವತ್ತು ಕಿಲೋಮೀಟರ್ ಎತ್ತರಕ್ಕೆ ಹೋಗುತ್ತೆ. ನಾವು ಊರಿಗೆ ಹೋಗೋ ವಿಮಾನ ಹಾರೋದು ಹತ್ತು ಹನ್ನೊಂದರಲ್ಲಿ. ಬಲೂನಿನ ಪ್ಲಾಸ್ಟಿಕ್ ತರಕಾರಿ ಕವರಿಗಿಂತ ತೆಳು, ಮೇಲೆ ಹೋಗಿ ಪೂರ್ತಿ ಉಬ್ಬಿದಾಗ ಅಡ್ಡಗಲ ಐವತ್ತು ಮೀಟರ್ ದಾಟುತ್ತೆ. ಕೆಲಸ ಮುಗಿದ ಮೇಲೆ ಉಪಕರಣ ಪ್ಯಾರಾಚೂಟಿನಲ್ಲಿ ಕೆಳಗೆ ಬರುತ್ತೆ. ಎಲ್ಲಿಗೆ ಅನ್ನೋದು ಗಾಳಿಯ ಇಷ್ಟ. ಇನ್ನೂರು, ಮುನ್ನೂರು ಕಿಲೋಮೀಟರ್ ದೂರ ಬೀಳಬಹುದು. ಹಾಗಾಗಿ ಹಾರಿಸೋ ಸೀಸನ್ನಿನಲ್ಲಿ ಪೇಪರಿಗೆ ಪ್ರಕಟಣೆ ಕೊಡ್ತಾರೆ: ಸಿಕ್ಕರೆ ಬಿಚ್ಚಬೇಡಿ, ಒಳಗೆ ಹೈ ವೋಲ್ಟೇಜ್ ಇರಬಹುದು, ಪೊಲೀಸ್ ಠಾಣೆಗೋ ಪೋಸ್ಟ್ ಆಫೀಸಿಗೋ ತಿಳಿಸಿ, ಬಹುಮಾನ ಕೊಡ್ತೀವಿ. 2022ರ ಡಿಸೆಂಬರಿನಲ್ಲಿ ವಿಕಾರಾಬಾದ್ ಜಿಲ್ಲೆಯ ಹೊಲದಲ್ಲಿ ದೊಡ್ಡದೊಂದು ಬಿಳಿ ಗೂಡು ಬಿದ್ದಾಗಲೂ ಇದೇ ಗಲಾಟೆ. ಅದು ಸ್ಪೇನ್ ಕಂಪನಿಯೊಂದು ಇಲ್ಲಿಂದ ಪರೀಕ್ಷೆಗೆ ಹಾರಿಸಿದ ಕ್ಯಾಪ್ಸೂಲು. ಜನ ಹಾರುವ ತಟ್ಟೆ ಬಂತು ಅಂದ್ಕೊಂಡ್ರು.

ನನಗೆ ಆ ಪ್ರಕಟಣೆ ಬಹಳ ಇಷ್ಟ ಆಯ್ತು. ವಿಜ್ಞಾನಿಗಳು ಜನಕ್ಕೆ ಬರೆದ ಅತ್ಯಂತ ಚಿಕ್ಕ ಪತ್ರ ಅದು. ಏನು ಮಾಡಬೇಡಿ, ಯಾರಿಗೆ ಹೇಳಬೇಕು, ಎಲ್ಲಾ ಇದೆ. ಆದ್ರೆ ಅದರಲ್ಲಿ ಅವ್ವನ ಎರಡೂ ಪ್ರಶ್ನೆಗೆ ಉತ್ತರ ಇಲ್ಲ.

ಫ್ಲ್ಯಾಟ್‌ಮೇಟ್‌ಗೆ ಫೋನ್ ಕೊಟ್ಟೆ. ಐದು ವರ್ಷ ಕಣಗಳ ಹಿಂದೆ ಬಿದ್ದವನು, ಎರಡು ನಿಮಿಷ ಏನೇನೋ ಹೇಳಿದ. ಡಿಟೆಕ್ಟರ್ ಅಂದ, ಫ್ಲಕ್ಸ್ ಅಂದ. ಅವ್ವ "ಹೂಂ ಹೂಂ" ಅಂದು ನನಗೆ ವಾಪಸ್ ಕೊಡಿಸಿಕೊಂಡು ಕೇಳಿದ್ಲು: "ಕ್ಯಾಮೆರಾ ಅದನೋ ಇಲ್ಲೋ?"

ಅದೇ ವಾರ ಅವನ ಸಂಸ್ಥೆಯಿಂದ ಮೇಲ್ ಬಂತು. ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನದ ಸುತ್ತ ಓಪನ್ ಹೌಸ್, ಪಿಎಚ್‌ಡಿ ವಿದ್ಯಾರ್ಥಿಗಳು ಹತ್ತು ಹತ್ತು ನಿಮಿಷ ಸಾರ್ವಜನಿಕರ ಮುಂದೆ ತಮ್ಮ ಸಂಶೋಧನೆ ಹೇಳಬೇಕು. ಇವನಿಗೆ ಮನಸ್ಸಿಲ್ಲ. ಲ್ಯಾಬಿನಲ್ಲಿ ಹಿರಿಯರೊಬ್ಬರು ಮೊದಲು ಪೇಪರ್ ಮುಗಿಸು, ಆಮೇಲೆ ಸರ್ಕಸ್ ಮಾಡು ಅಂದಿದ್ರಂತೆ. ಆ ಸರ್ಕಸ್ ಅನ್ನೋ ಪದವೇ ಇವನನ್ನ ಕೆಣಕಿತು ಅನ್ಸುತ್ತೆ, ಹೆಸರು ಕೊಟ್ಟುಬಿಟ್ಟ.

ನಮ್ಮ ಕೆಲಸದಲ್ಲಿ ಸ್ಪ್ರಿಂಟ್ ಮುಗಿದ ಮೇಲೆ ಡೆಮೊ ಇರುತ್ತಲ್ಲಾ, ಕೋಡ್ ಗೊತ್ತಿಲ್ಲದ ಕ್ಲೈಂಟ್ ಮುಂದೆ. ಹಾಗಾಗಿ ಇದು ನನಗೆ ಗೊತ್ತಿರೋ ಆಟ ಅಂದ್ಕೊಂಡು ನಾನೇ ಕೋಚ್ ಆದೆ. ಯೂಟ್ಯೂಬಿನಲ್ಲಿ ತ್ರೀ ಮಿನಿಟ್ ಥೀಸಿಸ್ ವಿಡಿಯೋ ತೋರಿಸಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ ಸ್ಪರ್ಧೆ ಅದು, ಮೂರು ನಿಮಿಷ, ಒಂದೇ ಸ್ಲೈಡ್, ಈಗ ಲೋಕವೆಲ್ಲಾ ನಡೆಯುತ್ತೆ. ಆಗ ಅಲ್ಲಿ ಭಾರೀ ಬರಗಾಲವಂತೆ. ಮೂರೇ ನಿಮಿಷದಲ್ಲಿ ಸ್ನಾನ ಮುಗಿಸಿ ಅಂತ ಜನ ಬಚ್ಚಲಲ್ಲಿ ಟೈಮರ್ ಇಟ್ಕೊಂಡಿದ್ರು. ಅದನ್ನ ನೋಡಿ ಥೀಸಿಸ್‌ಗೂ ಮೂರು ನಿಮಿಷ ಅಂತ ಹೊಳೀತು. ನಮ್ಮ ಕಡೆ ನೀರಿನ ಟ್ಯಾಂಕರ್ ನೋಡಿ ಯಾರಿಗೂ ಏನೂ ಹೊಳೆದಿಲ್ಲ, ಇರಲಿ.

ಅವನ ಮೊದಲ ಸ್ಲೈಡಿನಲ್ಲೇ ಮೂರು ಸಾಲು ಮೂರು ಕಂಬದ ಮ್ಯಾಟ್ರಿಕ್ಸ್ ಇತ್ತು. ತೆಗೆಸಿದೆ. ಎರಡನೇದರಲ್ಲಿ ಗ್ರಾಫು. ತೆಗೆಸಿದೆ. ಮೂರನೇದು ಸಹಯೋಗಿ ಸಂಸ್ಥೆಗಳ ಲೋಗೋ. ಅದನ್ನ ತೆಗೆಯೋಕೆ ಅವನಿಗೆ ಧೈರ್ಯ ಬರಲಿಲ್ಲ. ಕೊನೆಗೆ ಉಳಿದದ್ದು ಏನು ಅಂದ್ರೆ, ಕೇಳ್ರಿ, ಇದು ಇಂಟರೆಸ್ಟಿಂಗ್ ಆಗಿದೆ.

ನ್ಯೂಟ್ರಿನೋ ಅಂದ್ರೆ ಅತಿ ಚಿಕ್ಕ ಕಣ. ಸೂರ್ಯನಿಂದಲೇ ಬರೋವು ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗ ದಾಟಿಕೊಂಡು ಸೆಕೆಂಡಿಗೆ ಸುಮಾರು 6,500 ಕೋಟಿ ಹೋಗ್ತವೆ. ಹಗಲು ಮೇಲಿಂದ, ರಾತ್ರಿ ಭೂಮಿಯನ್ನೇ ತೂರಿಕೊಂಡು ಕೆಳಗಿಂದ. ನಮಗೆ ಏನೂ ಆಗಲ್ಲ, ಯಾಕಂದ್ರೆ ಅವು ಯಾವುದನ್ನೂ ಮುಟ್ಟೋದೇ ಅಪರೂಪ. ಅವುಗಳಲ್ಲಿ ಮೂರು ಜಾತಿ: ಎಲೆಕ್ಟ್ರಾನ್, ಮ್ಯೂಆನ್, ಟಾವ್. ಸೋಜಿಗ ಏನಂದ್ರೆ ಹೊರಟಾಗ ಒಂದು ಜಾತಿ ಇದ್ದದ್ದು ದಾರಿಯಲ್ಲಿ ಇನ್ನೊಂದಾಗುತ್ತೆ. ಅಮೆರಿಕದಲ್ಲಿ ನೋವಾ ಅಂತ ಪ್ರಯೋಗ ಇದೆ. ಶಿಕಾಗೋ ಹತ್ತಿರದ ಫರ್ಮಿಲ್ಯಾಬ್‌ನಿಂದ ನ್ಯೂಟ್ರಿನೋ ಕಳಿಸ್ತಾರೆ, 810 ಕಿಲೋಮೀಟರ್ ದೂರದ ಮಿನೆಸೋಟಾದಲ್ಲಿ 14,000 ಟನ್ನಿನ ಡಿಟೆಕ್ಟರ್ ಇಟ್ಕೊಂಡು ಕಾಯ್ತಾರೆ. ಮಧ್ಯೆ ಸುರಂಗ ಗಿರಂಗ ಇಲ್ಲ, ನೆಲವನ್ನೇ ತೂರಿಕೊಂಡು ಮೂರು ಮಿಲಿಸೆಕೆಂಡಿನ ಒಳಗೆ ತಲುಪುತ್ತೆ. ಹೈದರಾಬಾದ್ ವಿಶ್ವವಿದ್ಯಾಲಯ, ಐಐಟಿ ಹೈದರಾಬಾದ್ ಎರಡೂ ಆ ಪ್ರಯೋಗದಲ್ಲಿ ಪಾಲುದಾರರು. ಅಂದ್ರೆ ಲಿಂಗಂಪಲ್ಲಿಯಲ್ಲಿ ಬಸ್ಸಿಗೆ ನಿಂತ ಹುಡುಗ ಹುಡುಗಿಯರಲ್ಲಿ ಯಾರೋ ಒಬ್ಬರು ಮಿನೆಸೋಟಾದ ಡೇಟಾ ನೋಡ್ತಿರಬಹುದು. ಡಿಟೆಕ್ಟರಿನಲ್ಲಿ ಮಿಂಚಿದ ಚುಕ್ಕೆಗಳಲ್ಲಿ ಯಾವುದು ನ್ಯೂಟ್ರಿನೋ, ಯಾವುದು ಸುಮ್ಮನೆ ಗದ್ದಲ ಅಂತ ಬೇರ್ಪಡಿಸೋಕೆ ನ್ಯೂರಲ್ ನೆಟ್‌ವರ್ಕ್ ಬಳಸ್ತಾರೆ. ನಮ್ಮವನ ದಿನದ ಕೆಲಸ ನೋಡಿದ್ರೆ ನಮ್ಮದೇ ಥರ, ಪೈಥಾನ್, ಬಗ್ಗು, ರಾತ್ರಿ ಎರಡು ಗಂಟೆಗೆ ಸರ್ವರ್ ಕ್ಯೂ. ಸಂಬಳ ಮಾತ್ರ ಬೇರೆ.

ಈ ಜಾತಿ ಬದಲಾಗೋದನ್ನ ಜನಕ್ಕೆ ಹೇಗೆ ಹೇಳೋದು? ನನ್ನ ತಲೆಗೆ ಹಗಲುವೇಷ ಬಂತು. ನಮ್ಮ ಕಡೆ ಹಗಲುವೇಷದವರು ಊರಿಗೆ ಬಂದ್ರೆ ಇವತ್ತು ರಾಮ, ನಾಳೆ ರಾವಣ, ನಾಡಿದ್ದು ಇನ್ನೇನೋ. ನ್ಯೂಟ್ರಿನೋ ಅಂದ್ರೆ ಹಗಲುವೇಷಗಾರ. ಶಿಕಾಗೋದಲ್ಲಿ ರಾಮನಾಗಿ ಹೊರಟು ಮಿನೆಸೋಟಾದಲ್ಲಿ ರಾವಣನಾಗಿ ಇಳೀತಾನೆ. ಹೆಂಗಿದೆ? ನಾವಿಬ್ಬರೂ ನಮ್ಮ ಬೆನ್ನು ನಾವೇ ತಟ್ಟಿಕೊಂಡ್ವಿ. ತೆಲುಗಿನಲ್ಲೂ ಪಗಟಿ ವೇಷಾಲು ಅಂತ ಇರೋದ್ರಿಂದ ಇಲ್ಲಿಯವರಿಗೂ ತಕ್ಷಣ ಹತ್ತುತ್ತೆ.

ಫೆಬ್ರವರಿಯಲ್ಲಿ ಅವ್ವ ಕಣ್ಣು ತೋರಿಸೋಕೆ ಹೈದರಾಬಾದಿಗೆ ಬಂದ್ಲು. ಹಾಲ್‌ನಲ್ಲಿ ರಿಹರ್ಸಲ್. ಆಕೆಗೆ ಇಂಗ್ಲಿಷ್ ಬರಲ್ಲ, ಹಾಗಾಗಿ ಹುಡುಗ ಮೊದಲ ಸಲ ತನ್ನ ಥೀಸಿಸ್ಸನ್ನ ಕನ್ನಡದಲ್ಲಿ ಹೇಳಬೇಕಾಯ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ ಅವನು. ದ್ರವ್ಯರಾಶಿ, ವೇಗೋತ್ಕರ್ಷ ಎಲ್ಲಾ ನೆನಪಿತ್ತು. ಆದ್ರೆ ಆಮೇಲೆ ಕಲಿತದ್ದಕ್ಕೆ ಅವನ ಹತ್ತಿರ ಒಂದು ಕನ್ನಡ ವಾಕ್ಯವೂ ಇರಲಿಲ್ಲ. ತಡವರಿಸಿಕೊಂಡು ಹೇಳಿದ. ಹಗಲುವೇಷ ಬಂದಾಗ ಅವ್ವನ ಮುಖ ಅರಳಿತು. ನಾನು ಅವನ ಕಡೆ ನೋಡಿ ಹೆಬ್ಬೆರಳು ತೋರಿಸಿದೆ.

ಮುಗಿದ ಮೇಲೆ ಅವ್ವ ಕೇಳಿದ್ಲು: "ಎಲ್ಲಾ ಖರೆ ತಮ್ಮಾ. ರಾಮನ ವೇಷ ಹಾಕಿದ್ರೂ ರಾವಣನ ವೇಷ ಹಾಕಿದ್ರೂ ಒಳಗ ಇರಾಂವ ಒಬ್ಬನೇ ಇರ್ತಾನಲ್ಲ. ಇದರಾಗ ವೇಷದ ಹಿಂದ ಇರಾಂವ ಯಾರು?"

ಹುಡುಗ ಸುಮ್ಮನಾಗಿಬಿಟ್ಟ. ನಾನು ಇದು ದೊಡ್ಡ ಪ್ರಶ್ನೆಯೇನಲ್ಲ ಅಂದ್ಕೊಂಡು ಚಹಾ ಮಾಡೋಕೆ ಎದ್ದೆ. ವಾಪಸ್ ಬಂದಾಗ ಅವನು ಪೇಪರ್ ಮೇಲೆ ಏನೋ ಗೀಚುತ್ತಿದ್ದ. ನನ್ನನ್ನ ನೋಡಿ ಹೇಳಿದ: "ನಿಮ್ಮ ಅಮ್ಮ ಕೇಳಿದ್ದೇ ನನ್ನ ಥೀಸಿಸ್ಸು. ನಾವು ಹೇಳ್ತಿರೋದು ಸುಳ್ಳು."

ಯಾಕೆ ಸುಳ್ಳು ಅಂದ್ರೆ, ಹಗಲುವೇಷ ಅಂದಾಗ ಒಳಗೆ ಒಬ್ಬ ಖಾಯಂ ಮನುಷ್ಯ ಇದ್ದಾನೆ, ಅವನು ಬಟ್ಟೆ ಬದಲಿಸ್ತಾನೆ ಅನ್ನೋ ಚಿತ್ರ ಬರುತ್ತೆ. ನ್ಯೂಟ್ರಿನೋದಲ್ಲಿ ಹಾಗಿಲ್ಲ. ಒಳಗೆ ಮೂವರಿದ್ದಾರೆ, ಬೇರೆ ಬೇರೆ ದ್ರವ್ಯರಾಶಿಯವರು, ಕೂಡಿಯೇ ಹೊರಡ್ತಾರೆ. ನಾವು ಎಲೆಕ್ಟ್ರಾನ್ ಜಾತಿ, ಮ್ಯೂಆನ್ ಜಾತಿ ಅಂತ ಕರೆಯೋದು ಆ ಮೂವರ ಒಂದೊಂದು ಮಿಶ್ರಣವನ್ನ.

ಇದನ್ನ ಅವ್ವನಿಗೆ ಹೇಳೋಕೆ ಎರಡು ದಿನ ಹಿಡೀತು. ಕೊನೆಗೆ ಸಿಕ್ಕಿದ್ದು ಭಜನೆ. ಮೂವರು ತಾಳ ಹಿಡಿದು ಕೂತಿದ್ದಾರೆ ಅಂದ್ಕೊಳ್ರಿ. ಒಟ್ಟಿಗೇ ಶುರುಮಾಡ್ತಾರೆ. ಆದ್ರೆ ಒಬ್ಬೊಬ್ಬರ ಲಯ ಕೂದಲೆಳೆಯಷ್ಟು ಬೇರೆ. ಮೊದಲು ಎಲ್ಲಾ ಕೂಡಿ ಒಂದೇ ಸದ್ದು ಕೇಳುತ್ತೆ. ಸ್ವಲ್ಪ ಹೊತ್ತಾದ ಮೇಲೆ ಚೆದುರುತ್ತೆ, ಬೇರೆಯೇ ಸದ್ದು. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ ಕೂಡಿದಂಗೆ ಆಗುತ್ತೆ. ಹೊರಗೆ ಕಟ್ಟೆ ಮೇಲೆ ಕೂತವನಿಗೆ ಮೂವರು ಕಾಣಲ್ಲ, ಸದ್ದು ಬದಲಾಗೋದಷ್ಟೇ ಕೇಳುತ್ತೆ. ಆ ಸದ್ದೇ ವೇಷ. ಮೂವರ ಲಯ ಪೂರ್ತಿ ಒಂದೇ ಇದ್ದಿದ್ರೆ ಸದ್ದು ಬದಲಾಗ್ತಾನೇ ಇರಲಿಲ್ಲ. ಬದಲಾಗುತ್ತೆ ಅಂದ ಮೇಲೆ ಮೂವರ ದ್ರವ್ಯರಾಶಿ ಬೇರೆ ಬೇರೆ ಇರಲೇಬೇಕು, ಅಂದ್ರೆ ನ್ಯೂಟ್ರಿನೋಗೆ ದ್ರವ್ಯರಾಶಿ ಇದೆ ಅಂತಾಯ್ತು. ಹಳೇ ಥಿಯರಿಯಲ್ಲಿ ಅದು ಸೊನ್ನೆ ಇತ್ತು. ವೇಷ ಬದಲಾಗುತ್ತೆ ಅಂತ ತೋರಿಸಿದ್ದಕ್ಕೆ ಜಪಾನಿನ ಕಜಿಟಾ, ಕೆನಡಾದ ಮೆಕ್‌ಡೊನಾಲ್ಡ್ ಅವರಿಗೆ 2015ರ ನೊಬೆಲ್ ಬಂತು.

ಅವ್ವ ಕೇಳಿಸಿಕೊಂಡು, "ಹಂಗಾರ ಮೂವರಾಗ ಎಲ್ಲಾರಕಿಂತ ಭಾರ ಯಾರು?" ಅಂದ್ಲು.

"ಗೊತ್ತಿಲ್ಲ ಅಮ್ಮ. ಯಾರಿಗೂ ಗೊತ್ತಿಲ್ಲ. ಅದನ್ನೇ ಹುಡುಕ್ತಾ ಇದೀವಿ."

ಅವನು ಸುಮ್ಮನೆ ಹೇಳಿದ್ದಲ್ಲ. ಮೂವರ ಸಾಲಿನಲ್ಲಿ ಯಾರು ಭಾರ, ಯಾರು ಹಗುರ ಅನ್ನೋ ಕ್ರಮ ಇವತ್ತಿಗೂ ಖಚಿತವಾಗಿಲ್ಲ. ನೋವಾ ಪ್ರಯೋಗದ ದೊಡ್ಡ ಪ್ರಶ್ನೆಗಳಲ್ಲಿ ಅದೂ ಒಂದು.

ಇಲ್ಲಿ ನನಗೆ ಒಂದು ವಿಷಯ ಹೊಳೀತು. ಡೆಮೊ ಅಂದ್ರೆ ನಾನು ಇಷ್ಟು ವರ್ಷ ತಿಳಿದಿದ್ದು, ಎದುರಿನವರು ಪ್ರಶ್ನೆ ಕೇಳದ ಹಾಗೆ ನೀಟಾಗಿ ಮುಗಿಸೋದು. ಹಗಲುವೇಷದ ಹೋಲಿಕೆ ಅಂಥದ್ದೇ. ಚಪ್ಪಾಳೆ ಬೀಳ್ತಿತ್ತು, ಎಲ್ಲರೂ ತಪ್ಪು ತಿಳಿದುಕೊಂಡು ಖುಷಿಯಾಗಿ ಮನೆಗೆ ಹೋಗ್ತಿದ್ರು. ಪಿಎಚ್‌ಡಿ ವಿದ್ಯಾರ್ಥಿಯೇ ಯಾಕೆ ಜನರ ಮುಂದೆ ನಿಲ್ಲಬೇಕು ಅಂದ್ರೆ, ಅವನಿಗೆ ಅದು ಎಲ್ಲಿ ಸುಳ್ಳಾಗುತ್ತೆ ಅಂತ ಗೊತ್ತಿರುತ್ತೆ. ಡೇಟಾ ಅವನ ಕೈಯಲ್ಲಿರುತ್ತೆ. ಪಿಆರ್ ಆಫೀಸಿನವರಿಗಾಗಲಿ ನನ್ನಂಥ ಕೋಚ್‌ಗಾಗಲಿ ಅದು ಗೊತ್ತಿರಲ್ಲ.

ಇದು ಬರೀ ಒಂದು ಓಪನ್ ಹೌಸ್ ಮಾತಲ್ಲ ಅಂತ ಅವನೇ ಒಂದು ರಾತ್ರಿ ಹೇಳಿದ. ಕೋಲಾರದ ಕಥೆ, ತೇಣಿಯ ಕಥೆ. ಎರಡೂ ನಿಮಗೂ ಗೊತ್ತಿರಬೇಕು.

ಬಿ.ವಿ. ಶ್ರೀಕಂಠನ್ ಅಂತ, ನಂಜನಗೂಡಿನಲ್ಲಿ ಹುಟ್ಟಿದವರು, 1948ರಲ್ಲಿ ಟಿಐಎಫ್‌ಆರ್ ಸೇರಿದ್ರು. 1951ರಲ್ಲಿ ಭಾಭಾ ಅವರನ್ನ ಕೆಜಿಎಫ್‌ಗೆ ಕಳಿಸಿದ್ರು. ಯಾಕೆ ಗಣಿಗೆ? ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟೋ ಮ್ಯೂಆನ್ ಕಣಗಳು ನಮ್ಮ ಅಂಗೈಯನ್ನ ಹೆಚ್ಚು ಕಡಿಮೆ ಸೆಕೆಂಡಿಗೊಂದರಂತೆ ದಾಟ್ತವೆ. ಕಲ್ಲಿನೊಳಗೆ ಎಷ್ಟು ಆಳದವರೆಗೆ ಇಳೀತವೆ ಅಂತ ಅಳೆಯಬೇಕಿತ್ತು. ಅಷ್ಟು ಆಳದ ಗಣಿ ಲೋಕದಲ್ಲೇ ಕೆಲವೇ ಇದ್ದವು. ಅದೇ ಅವರ ಪಿಎಚ್‌ಡಿ ಆಯ್ತು. ಮುಂದೆ ಅವರೇ ಟಿಐಎಫ್‌ಆರ್ ನಿರ್ದೇಶಕರಾದ್ರು. ಅವರ ನಂತರದವರು ಇನ್ನೂ ಆಳಕ್ಕೆ ಹೋದ್ರು. ಎರಡು ಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಸಿಗಲಿಲ್ಲ. ಅಷ್ಟು ನಿಶ್ಶಬ್ದ ಜಾಗ ಅಂದ್ರೆ ನ್ಯೂಟ್ರಿನೋ ಕೇಳಿಸಬಹುದು ಅಂತ ಹೊಳೀತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2,300 ಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲೂ ಸಿಕ್ಕಿತು. ಲೋಕದಲ್ಲಿ ಮೊದಲು ಕಂಡವರು ಈ ಎರಡು ತಂಡ. ನಮಗೆ ಕೆಜಿಎಫ್ ಅಂದ್ರೆ ಸಿನಿಮಾ.

ಗಣಿಯ ಕೆಲಸಗಾರರು ಇಳಿಯೋ ಶಾಫ್ಟಿನಲ್ಲೇ ಈ ವಿಜ್ಞಾನಿಗಳೂ ಇಳಿಯಬೇಕು, ಬೇರೆ ದಾರಿ ಇಲ್ಲ. ಆ ಪಂಜರದೊಳಗೆ ಯಾರಾದ್ರೂ ನೀವು ಇಲ್ಲಿ ಏನು ಹುಡುಕ್ತೀರಿ ಸ್ವಾಮಿ ಅಂತ ಕೇಳಿದ್ದಿರಲೇಬೇಕು ಅಂತ ನನ್ನ ಊಹೆ. ಚಿನ್ನ ಅಲ್ಲ ಅಂತ ಹೇಳಿ ನಂಬಿಸೋದು ಸುಲಭ ಇರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ತಾರೀಕು ನೋಡಿ, ವಿಜ್ಞಾನ ದಿನ.

ಕೋಲಾರ ಬಿಟ್ಟ ಮೇಲೆ ಹೊಸ ನ್ಯೂಟ್ರಿನೋ ವೀಕ್ಷಣಾಲಯ ಕಟ್ಟಬೇಕು ಅಂತ ಹೊರಟರು, ಅದು ಐಎನ್‌ಒ. ಮೊದಲು ನೀಲಗಿರಿಯ ಸಿಂಗಾರ. ಆನೆ ದಾರಿ, ಹುಲಿ ಕಾಡು ಅಂತ 2009ರಲ್ಲಿ ಪರಿಸರ ಸಚಿವಾಲಯ ಬೇಡ ಅಂತು. ಆಮೇಲೆ ತಮಿಳುನಾಡಿನ ತೇಣಿ ಜಿಲ್ಲೆಯ ಪೊಟ್ಟಿಪುರಂ. ಗುಡ್ಡದೊಳಗೆ ಸುಮಾರು ಎರಡು ಕಿಲೋಮೀಟರ್ ಸುರಂಗ, 50,000 ಟನ್ ಕಬ್ಬಿಣದ ಡಿಟೆಕ್ಟರ್. ಮೂವರಲ್ಲಿ ಭಾರ ಯಾರು ಅನ್ನೋ ಅವ್ವನ ಪ್ರಶ್ನೆಗೇ ಉತ್ತರ ಹುಡುಕೋ ಯಂತ್ರ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿಗೆ ಒಪ್ಪಿಗೆ ಕೊಟ್ಟಿತು. ಊರವರ ವಿರೋಧ ಜೋರಾಯ್ತು. ನ್ಯೂಟ್ರಿನೋದಿಂದ ವಿಕಿರಣ ಬರುತ್ತೆ, ಅಣುತ್ಯಾಜ್ಯ ತಂದು ತುಂಬ್ತಾರೆ ಅನ್ನೋ ಭಯ ಹಬ್ಬಿತು. 2017ರಲ್ಲಿ ಹಸಿರು ಪೀಠ ಪರಿಸರ ಅನುಮತಿಗೆ ತಡೆ ಕೊಟ್ಟಿತು, 2018ರಲ್ಲಿ ಕೇಂದ್ರ ಮತ್ತೆ ಕೊಟ್ಟಿತು, 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ ಈ ಯೋಜನೆ ಬೇಡ ಅಂತ ಹೇಳಿತು. ಡಿಟೆಕ್ಟರ್ ಇವತ್ತಿಗೂ ಕಟ್ಟಿಲ್ಲ. ಅದಕ್ಕಾಗಿಯೇ ತರಬೇತಿ ಪಡೆದ ಪಿಎಚ್‌ಡಿ ವಿದ್ಯಾರ್ಥಿಗಳಿದ್ದಾರೆ. ಇಲ್ಲದ ಡಿಟೆಕ್ಟರ್ ಹೇಗೆ ಕೆಲಸ ಮಾಡುತ್ತೆ ಅಂತ ಸಿಮ್ಯುಲೇಶನ್ ಮಾಡಿ ಥೀಸಿಸ್ ಬರೆದವರು. ಮಧುರೈನಲ್ಲಿ 85 ಟನ್ನಿನ ಒಂದು ಸಣ್ಣ ಮಾದರಿ ಇದೆ, ಅಷ್ಟೇ. ಈ ಮಧ್ಯೆ ಅದೇ ಪ್ರಶ್ನೆ ಹಿಡ್ಕೊಂಡು ಚೀನಾದ ಜೂನೋ ಡಿಟೆಕ್ಟರ್ 2025ರ ಆಗಸ್ಟಿನಲ್ಲಿ ಡೇಟಾ ತಗೊಳ್ಳೋಕೆ ಶುರುಮಾಡಿತು.

ನಾನು ಇದನ್ನ ಕೇಳಿ, ಜನಕ್ಕೆ ತಿಳಿವಳಿಕೆ ಇಲ್ಲ ಬಿಡು ಅಂದೆ. ಅವನು ಒಪ್ಪಲಿಲ್ಲ. "ನ್ಯೂಟ್ರಿನೋದಿಂದ ಏನೂ ಆಗಲ್ಲ ಅನ್ನೋದು ನಿಜ. ಡಿಟೆಕ್ಟರ್ ಇಟ್ಟರೂ ಇಡದಿದ್ರೂ ಅವು ಅವರ ಮೈಯೊಳಗೆ ಹೋಗ್ತಾನೇ ಇವೆ. ಆದ್ರೆ ಅವರು ಗುಡ್ಡ ಒಡೆಯೋ ಸಿಡಿಮದ್ದಿನ ಬಗ್ಗೆ ಕೇಳಿದ್ರು, ನೀರಿನ ಬಗ್ಗೆ ಕೇಳಿದ್ರು, ಹತ್ತಿರದ ಕಾಡಿನ ಬಗ್ಗೆ ಕೇಳಿದ್ರು. ಅದಕ್ಕೆ ನ್ಯೂಟ್ರಿನೋ ನಿರುಪದ್ರವಿ ಅಂದ್ರೆ ಹೆಂಗೆ ಉತ್ತರ ಆಗುತ್ತೆ?"

ಅವನ ಮಾತು ಪೂರ್ತಿ ಸರಿ ಅಂತ ನಾನು ಹೇಳಲ್ಲ. ವಿಜ್ಞಾನಿಗಳು ಆ ಊರುಗಳಿಗೆ ಹೋಗಿ ಮಾತಾಡಿದ್ದೂ ಉಂಟು, ರಾಜಕೀಯವೂ ಬೇಕಾದಷ್ಟು ಇತ್ತು. ಆದ್ರೆ ಕ್ಯಾಮೆರಾ ಇದೆಯೋ ಇಲ್ಲವೋ ಅಂತ ಕೇಳಿದ್ರೆ ಫ್ಲಕ್ಸ್ ಬಗ್ಗೆ ಹೇಳಿದ ಹುಡುಗನೇ ಈ ಮಾತು ಹೇಳ್ತಿದ್ದ, ಅದು ನನಗೆ ಮುಖ್ಯ ಅನ್ನಿಸಿತು.

ನಮ್ಮಲ್ಲಿ ಇದಕ್ಕೆ ಪರಂಪರೆ ಇಲ್ಲ ಅಂತಲ್ಲ. ಎಚ್. ನರಸಿಂಹಯ್ಯನವರು ಅಮೆರಿಕದ ಒಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್‌ಡಿ ಮಾಡಿ ಬಂದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದ್ರು, ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಪ್ರತಿ ಬುಧವಾರ ಉಪನ್ಯಾಸ, ಯಾರು ಬೇಕಾದ್ರೂ ಬಂದು ಕೂರಬಹುದು. ಐಐಎಸ್‌ಸಿ ಓಪನ್ ಡೇಗೆ ಹೋದವರು ಸರ್ಕಾರಿ ಶಾಲೆ ಮಕ್ಕಳ ಬಸ್ಸುಗಳನ್ನ ನೋಡಿರ್ತೀರಿ. 2018ರಲ್ಲಿ ಕೇಂದ್ರ ಸರ್ಕಾರ ಅವ್ಸರ್ ಅನ್ನೋ ಸ್ಪರ್ಧೆ ಶುರುಮಾಡಿತು, ಪಿಎಚ್‌ಡಿ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನ ಜನಸಾಮಾನ್ಯರಿಗೆ ತಿಳಿಯೋ ಹಾಗೆ ಬರೆದ್ರೆ ಬಹುಮಾನ. ಒಳ್ಳೇದೇ. ಆದ್ರೆ ಬರೆದು ಕಳಿಸಿದ್ದನ್ನ ಓದಿದವರು ವಾಪಸ್ ಪ್ರಶ್ನೆ ಕೇಳೋಕೆ ಆಗಲ್ಲ.

ಓಪನ್ ಹೌಸ್ ದಿನ ಅವ್ವನನ್ನೂ ಕರ್ಕೊಂಡು ಹೋದೆ. ಹತ್ತು ನಿಮಿಷದ ಭಾಷಣ ಇಂಗ್ಲಿಷಿನಲ್ಲಿ, ನಡುನಡುವೆ ತೆಲುಗು. ಚೆನ್ನಾಗೇ ಆಯ್ತು, ಅದ್ಭುತ ಏನಲ್ಲ. ಮೂರು ಜೋಡಿ ತಾಳ ತಂದಿದ್ದ, ಮೂವರು ಜೂನಿಯರ್‌ಗಳ ಕೈಲಿ ಹಾಕಿಸಿದ. ಅವರಿಗೆ ಲಯ ತಪ್ಪಿಸು ಅಂದ್ರೆ ತಪ್ಪಿಸೋಕೇ ಬರಲಿಲ್ಲ, ಒಬ್ಬರನ್ನೊಬ್ಬರು ಕೇಳಿಸಿಕೊಂಡು ಮತ್ತೆ ಮತ್ತೆ ಕೂಡಿಬಿಡೋರು. (ನಗು) ಕೊನೆಗೆ ಕಿವಿಗೆ ಹತ್ತಿ ಇಟ್ಕೊಂಡು ಹೊಡೆದ್ರು. ಹೋಲಿಕೆ ಎಲ್ಲಿ ತಪ್ಪುತ್ತೆ ಅನ್ನೋದನ್ನೂ ಅವನು ಹೇಳಿದ: ತಾಳದವರನ್ನ ನಾವು ಎದ್ದು ಹೋಗಿ ನೋಡಬಹುದು, ಅಲ್ಲಿ ಹಾಗೆ ಒಬ್ಬೊಬ್ಬರನ್ನೇ ಇಣುಕಿ ನೋಡೋಕೆ ಹೋದ್ರೆ ಭಜನೆಯೇ ಕೆಡುತ್ತೆ. ಆ ಒಂದು ವಾಕ್ಯಕ್ಕೆ ಹಿಂದೆ ಕೂತ ಹಿರಿಯರೊಬ್ಬರು ತಲೆಯಾಡಿಸಿದ್ರು. ಸರ್ಕಸ್ ಅಂದಿದ್ದು ಅವರೇ ಅಂತ ಆಮೇಲೆ ಗೊತ್ತಾಯ್ತು.

ನಿಜವಾದ ಮಾತುಕತೆ ನಡೆದದ್ದು ಆಮೇಲೆ, ಪೋಸ್ಟರ್ ಮುಂದೆ. ಗೇಟಿನ ಸೆಕ್ಯುರಿಟಿಯವರೊಬ್ಬರು, ಜಹೀರಾಬಾದ್ ಕಡೆಯವರು, ಡ್ಯೂಟಿ ಮುಗಿಸಿ ಬಂದು ನಿಂತಿದ್ರು. ನಾವು ಕನ್ನಡದಲ್ಲಿ ಮಾತಾಡೋದು ಕೇಳಿ ಹತ್ತಿರ ಬಂದ್ರು. ಆ ಗಡಿಯಲ್ಲಿ ಮನೆಯೊಳಗೆ ಕನ್ನಡ ಮಾತಾಡೋ ಕುಟುಂಬಗಳು ಬೇಕಾದಷ್ಟಿವೆ. ಮೂರು ವರ್ಷದಿಂದ ದಿನಾ ಇವನ ಐಡಿ ಕಾರ್ಡ್ ನೋಡಿ ಒಳಗೆ ಬಿಡ್ತಿದ್ದಾರೆ, ಇವನು ಒಳಗೆ ಏನು ಮಾಡ್ತಾನೆ ಅಂತ ಗೊತ್ತಿರಲಿಲ್ಲ. ನೇರವಾಗಿ ಕೇಳಿದ್ರು: "ಸರ್, ಇದಕ್ಕ ಸರ್ಕಾರ ರೊಕ್ಕ ಕೊಡ್ತದೇನು?"

"ಕೊಡುತ್ತೆ ಅಣ್ಣ. ಈಗ ತಿಂಗಳಿಗೆ 42,000."

"ಯಾರ ರೊಕ್ಕ?"

"ನಿಮ್ಮದೇ."

ಅವರು ಸಿಟ್ಟಾಗ್ತಾರೆ ಅಂದ್ಕೊಂಡೆ. ಇಲ್ಲ. ಪೋಸ್ಟರ್ ಮುಂದೆ ಇನ್ನಷ್ಟು ಹತ್ತಿರ ಹೋಗಿ, ಕೈ ಕಟ್ಟಿಕೊಂಡು, "ಹಂಗಾರ ಮೊದಲಿಂದ ಹೇಳ್ರಿ" ಅಂದ್ರು. ಹುಡುಗ ಮೊದಲಿಂದ ಹೇಳಿದ, ಕನ್ನಡದಲ್ಲಿ, ಹತ್ತು ನಿಮಿಷ ಅಲ್ಲ, ಮುಕ್ಕಾಲು ಗಂಟೆ. ಅವನಿಗೆ ಗೊತ್ತಿಲ್ಲದೆ ಎರಡು ಕಡೆ ಅವ್ವ ತಿದ್ದಿದ್ಲು. ಅವರು ಇದರಿಂದ ನಮಗೇನು ಉಪಯೋಗ ಅಂತಲೂ ಕೇಳಿದ್ರು. ಇವನು ಕ್ಯಾನ್ಸರ್, ಮೊಬೈಲು ಅಂತ ಏನಾದ್ರೂ ಹೇಳಿ ಜಾರಿಕೊಳ್ತಾನೆ ಅಂತ ನೋಡ್ತಿದ್ದೆ. "ಸದ್ಯಕ್ಕೆ ಏನೂ ಇಲ್ಲ ಅಣ್ಣ, ಭೂಮಿ ಆಕಾಶ ಹೇಗೆ ಆಗಿವೆ ಅಂತ ತಿಳಿಯುತ್ತೆ, ಅಷ್ಟೇ" ಅಂದ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಅದೂ ಬೇಕಲ್ಲ ಅಂತ ಹೇಳಿ, ಟೀ ಕುಡಿಯೋಕೆ ಹೋದ್ರು. ಮರುದಿನದಿಂದ ಐಡಿ ಕಾರ್ಡ್ ನೋಡೋದು ಬಿಟ್ಟಿದ್ದಾರಂತೆ, ಅದು ಸೆಕ್ಯುರಿಟಿ ದೃಷ್ಟಿಯಿಂದ ಸರಿಯಲ್ಲ, ಆದ್ರೂ.

ಅಲ್ಲೇ ಬಲೂನು ಕೆಲಸ ಗೊತ್ತಿದ್ದ ಇನ್ನೊಬ್ಬ ವಿದ್ಯಾರ್ಥಿನಿ ಸಿಕ್ಕಳು. ಅವ್ವ ಜನವರಿಯಿಂದ ಇಟ್ಕೊಂಡಿದ್ದ ಪ್ರಶ್ನೆ ಕೇಳಿಬಿಟ್ಲು. ನಾನು ಹಿಂದಿಗೆ ಮಾಡಿ ಹೇಳಿದೆ. ಆ ಹುಡುಗಿ ಹೇಳಿದ್ಲು: ಕೆಲವು ಸಲ ಏನು ನಡೀತಿದೆ ಅಂತ ನೋಡೋಕೆ ಸಣ್ಣ ಕ್ಯಾಮೆರಾ ಇಟ್ಟಿರಬಹುದು, ನಿಮ್ಮ ಊರು ನೋಡೋಕೆ ಅಲ್ಲ. ಬೆಳೆಗೆ ಏನೂ ಆಗಲ್ಲ, ಆದ್ರೆ ಪ್ಲಾಸ್ಟಿಕ್ಕನ್ನ ದನ ತಿಂದ್ರೆ ಕಷ್ಟ, ಅದನ್ನ ಮಾತ್ರ ಎತ್ತಿಡ್ರಿ. ಎರಡು ವಾಕ್ಯ. ಅವ್ವನಿಗೆ ಬೇಕಿದ್ದದ್ದು ಅಷ್ಟೇ. ಊರಿಗೆ ಫೋನ್ ಮಾಡಿ ಅಲ್ಲಿಂದಲೇ ಹೇಳಿದ್ಲು.

ಈಗ ಪ್ರತಿ ಭಾನುವಾರ ಫೋನ್ ಬಂದಾಗ ನನ್ನ ಊಟದ ವಿಚಾರ ಆದ ಮೇಲೆ ಎರಡನೇ ಪ್ರಶ್ನೆ ಒಂದಿರುತ್ತೆ. "ಮೂವರಾಗ ಭಾರ ಯಾರಂತ ಗೊತ್ತಾತೇನು?" ಇಲ್ಲ ಅವ್ವ ಅಂತೀನಿ. "ಆ ಹುಡುಗಗ ಕೊಡು ಫೋನ್" ಅಂತಾಳೆ.

ನನ್ನ ಮಾತು ಇಷ್ಟೇ. ಸಮಯ ಇದೆ ಅನ್ಸುತ್ತೆ, ಪ್ರಶ್ನೆ ಇದ್ರೆ ಕೇಳ್ರಿ. ಫಿಸಿಕ್ಸ್ ಪ್ರಶ್ನೆಯಾದ್ರೆ ಅವನು ಮೂರನೇ ಸಾಲಿನಲ್ಲಿ, ನೀಲಿ ಟೀ ಶರ್ಟಿನಲ್ಲಿ ಕೂತಿದ್ದಾನೆ.